ಟ್ರ್ಯಾಕ್ಟರಿಗೆ ಮೀಟರು ಕೂಡಿಸುವ ಮುನ್ನ
(ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮಾಲೀಕರ ಸಭೆಯಲ್ಲಿ ಮಾಡಿದ ಭಾಷಣ)



ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಏರು ಹತ್ತುವಾಗ ಇಂಜಿನ್ನಿನ ಒಳಗಿನ ಸಂಕಟ ಹೊರಗೆ ಕಾಣುವುದಿಲ್ಲ. ಎಣ್ಣೆಯ ಕೆಂಪು ದೀಪವೊಂದನ್ನೇ ನಂಬಬೇಡಿರಿ. ಒತ್ತಡ ತೀರ ಕುಸಿದ ಮೇಲೆಯೇ ಅದು ಹತ್ತುತ್ತದೆ. ಮೀಟರಿನ ಮುಳ್ಳಾದರೆ ದಿನದಿನದ ಇಳಿತವನ್ನು ತೋರಿಸುತ್ತದೆ.

ಮೂಲ ಮೀಟರು ಕೆಟ್ಟಿದ್ದರೆ ಮೊದಲು ಎರಡನ್ನು ಕೂಡಿಸಿರಿ: ಎಣ್ಣೆಯ ಒತ್ತಡದ್ದು, ನೀರಿನ ಕಾವಿನದು. ವಿದ್ಯುತ್ ಮೀಟರಾದರೆ ಅದರ ಜೋಡಿಯ ಸೆಂಡರನ್ನೇ ಕೊಳ್ಳಿರಿ. ಬೇರೆಯದು ಸುಳ್ಳು ಲೆಕ್ಕ ಹೇಳುತ್ತದೆ. ಸಣ್ಣ ನಳಿಗೆಯಿಂದ ನಡೆಯುವ ಮೀಟರಿಗೆ ಬ್ಯಾಟರಿ ಬೇಕಿಲ್ಲ. ಆದರೆ ಎಣ್ಣೆಯ ನಳಿಗೆ ಉಜ್ಜಿ ತೂತು ಬಿದ್ದರೆ ಎಣ್ಣೆಯೇ ಸೋರಿಹೋದೀತು, ಭದ್ರವಾಗಿ ಕಟ್ಟಿಸಿರಿ.

ನೀರಿನ ಕಾವು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನೀರೆಲ್ಲ ಸೋರಿಹೋದರೆ ಮುಳ್ಳು ಕೆಳಗೇ ನಿಂತು ಮೋಸ ಮಾಡಬಹುದು. ಆದ್ದರಿಂದ ಮುಂಜಾನೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ನೋಡುವ ರೂಢಿ ಬಿಡಬಾರದು.

ಎಣ್ಣೆಯ ಒತ್ತಡ ಬಿದ್ದರೆ, ನೀರು ಸೋರಿದರೆ, ಫ್ಯಾನ್ ಬೆಲ್ಟು ಹರಿದರೆ ಕೂಡಲೇ ಇಂಜಿನ್ ಬಂದ್ ಮಾಡಿರಿ. ಬರೇ ಭಾರಕ್ಕೆ ಕಾವೇರಿದ್ದರೆ ಬದಿಗೆ ನಿಲ್ಲಿಸಿ, ನಿಧಾನ ಓಟದಲ್ಲಿ ಆರಗೊಡಿರಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿರಿ.

ನಡುದಾರಿಯಲ್ಲಿ ಇಂಜಿನ್ ಜಾಮಾದರೆ ರಿಪೇರಿಯ ಖರ್ಚಷ್ಟೇ ಅಲ್ಲ. ಕಡಿದ ಕಬ್ಬು ಒಣಗಿ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಮೀಟರು ಚಾಲಕನ ಕಣ್ಣೆದುರಿಗೇ ಇರಲಿ, ಅವನಿಗೆ ಓದಲು ಕಲಿಸಿರಿ.