ಗುರಿ ದೊಡ್ಡದಿರಲಿ, ದಾರಿ ನಾವೇ ಹುಡುಕೋಣ

(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಇವತ್ತು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು ಮಾತು ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದ ಐದಾರು ಮಂದಿ ನಮ್ಮ ಕಚೇರಿಗೆ ಬಂದಿದ್ದರು. "ಸಿಸ್ಟರ್, ಉದ್ದಿನ ಹಪ್ಪಳ ಮಾಡಿ ವರ್ಷವಿಡೀ ಅಂಗಡಿಗಳಿಗೆ ಕೊಡಬೇಕು ಅಂತಿದ್ದೇವೆ. ಸಂಘದಿಂದ ಸಾಲ ತೆಗೀಬಹುದಾ?" ಎಂದು ಕೇಳಿದರು. ನಾವು ಅವರ ಲೆಕ್ಕವನ್ನು ಪೂರ್ತಿ ಕೇಳಲೇ ಇಲ್ಲ. "ಮಳೆಗಾಲದಲ್ಲಿ ಏನು ಮಾಡ್ತೀರಿ? ಬಿಸಿಲಿಲ್ಲದೆ ಹಪ್ಪಳ ಒಣಗುತ್ತದಾ? ಸುಮ್ಮನೆ ಸಾಲ ಮೈಮೇಲೆ ಎಳೆದುಕೊಳ್ಳಬೇಡಿ" ಎಂದು ಬುದ್ಧಿ ಹೇಳಿ ಕಳುಹಿಸಿಬಿಟ್ಟೆವು. ಅವರು ತಲೆಯಾಡಿಸಿ ಹೋದರು. ಮತ್ತೆ ಯಾವ ಯೋಜನೆಯನ್ನೂ ಹಿಡಿದುಕೊಂಡು ಬರಲಿಲ್ಲ.

ನಾವು ಕೇಳಿದ ಆ ಪ್ರಶ್ನೆಗೆ ಮುಂಬಯಿಯ ಹೆಂಗಸರು ಎಷ್ಟೋ ವರ್ಷ ಮೊದಲೇ ಉತ್ತರ ಕಂಡುಕೊಂಡಿದ್ದರು. ಲಿಜ್ಜತ್ ಹಪ್ಪಳದ ಹೆಸರು ನೀವೆಲ್ಲ ಕೇಳಿದ್ದೀರಿ. ಅದರ ಹಿಂದಿನ ಕಥೆ ಕೇಳಿ.

1959ರ ಮಾರ್ಚ್ 15. ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಕುಳಿತು ಹಪ್ಪಳ ಲಟ್ಟಿಸಿದರು. ಜಸ್ವಂತಿಬೆನ್ ಜಮನಾದಾಸ್ ಪೋಪಟ್ ಅವರಲ್ಲೊಬ್ಬರು. ಬಂಡವಾಳ 80 ರೂಪಾಯಿ. ಅದೂ ಛಗನ್‌ಲಾಲ್ ಪಾರೇಖ್ ಎಂಬ ಸಮಾಜ ಸೇವಕರಿಂದ ಪಡೆದ ಸಾಲ. ಮೊದಲ ದಿನ ಆದದ್ದು ನಾಲ್ಕೇ ನಾಲ್ಕು ಪ್ಯಾಕೆಟ್.

ಮಳೆ ಬಂತು. ಹಪ್ಪಳ ಒಣಗಲಿಲ್ಲ. ಆ ವರ್ಷ ನಾಲ್ಕು ತಿಂಗಳು ಕೆಲಸ ನಿಂತೇ ಹೋಯಿತು. ನಾವಾಗಿದ್ದರೆ "ನೋಡಿ, ಅಂದೇ ಹೇಳಿದ್ದೆವು" ಎನ್ನುತ್ತಿದ್ದೆವೋ ಏನೋ! ಅವರು ಹಾಗೆ ಕೈಚೆಲ್ಲಲಿಲ್ಲ. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೌ ಹಚ್ಚಿದರು. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗೆ ಹಪ್ಪಳ ಒಣಗಿತು.

ಅಕ್ಕತಂಗಿಯರೇ, ಹೊಸತನ ಎಂದರೆ ಇದೇ. ದೊಡ್ಡ ಯಂತ್ರ, ದೊಡ್ಡ ಓದು ಇದ್ದರೆ ಮಾತ್ರ ಹೊಸದನ್ನು ಮಾಡಬಹುದು ಎಂದು ನಾವು ತಿಳಿದಿದ್ದೇವೆ. ಅಡ್ಡಿ ಬಂದಾಗ ಮನೆಯಲ್ಲಿರುವ ವಸ್ತುವನ್ನೇ ಬೇರೆ ಕಣ್ಣಿನಿಂದ ನೋಡುವುದೂ ಹೊಸತನವೇ. ಸಣ್ಣ ಮನೆಯಲ್ಲಿ, ಸಣ್ಣ ಸಂಬಳದಲ್ಲಿ ಸಂಸಾರ ತೂಗಿಸುವ ನಿಮಗೆ ಈ ವಿದ್ಯೆ ಹೊಸದಲ್ಲ.

ಆದರೆ ಧೈರ್ಯ ಒಂದೇ ಸಾಲದು, ಶಿಸ್ತೂ ಬೇಕು. ಮೊದಲು ಆ ಮಹಿಳೆಯರು ಎರಡು ತರಹದ ಹಪ್ಪಳ ಮಾಡುತ್ತಿದ್ದರು, ಒಂದು ಒಳ್ಳೆಯದು, ಇನ್ನೊಂದು ಕಡಿಮೆ ಬೆಲೆಯದ್ದು. ಪಾರೇಖರು "ಒಂದೇ ಗುಣಮಟ್ಟ ಇರಲಿ, ಅದನ್ನು ಎಂದೂ ಬಿಡಬೇಡಿ, ಲೆಕ್ಕ ಸರಿಯಾಗಿಡಿ" ಎಂದು ಸಲಹೆ ಕೊಟ್ಟರು. ಯಾರ ದಾನವನ್ನೂ ಪಡೆಯಬಾರದು ಎಂಬುದನ್ನು ಅವರು ನಿಯಮವನ್ನಾಗಿಯೇ ಮಾಡಿಕೊಂಡರು. ಸದಸ್ಯೆಯರು ಬೆಳಿಗ್ಗೆ ಕೇಂದ್ರದಿಂದ ಹಿಟ್ಟು ಒಯ್ದು, ಮನೆಯಲ್ಲಿ ಲಟ್ಟಿಸಿ ಒಣಗಿಸಿ, ಹಪ್ಪಳ ತಂದುಕೊಟ್ಟು ಕೂಲಿ ಪಡೆಯುವ ಕ್ರಮ ಬಂತು. ಲಟ್ಟಿಸುವವಳೇ ಒಡತಿ. ಲಾಭವೂ ಅವಳದ್ದೇ, ನಷ್ಟವೂ ಅವಳದ್ದೇ.

ಸೋಲೂ ಬಂದಿತ್ತು. 1961ರಲ್ಲಿ ಮಲಾಡ್‌ನಲ್ಲಿ ಶಾಖೆ ತೆರೆಯಲು ಹೋಗಿ ಕೈಗೂಡಲಿಲ್ಲ. ಆದರೂ ನಿಲ್ಲಲಿಲ್ಲ. ಮುಂದೆ ಈ ಸಂಸ್ಥೆಯ ಸದಸ್ಯೆಯರ ಸಂಖ್ಯೆ 45,000 ದಾಟಿತು. 2021ರಲ್ಲಿ ಜಸ್ವಂತಿಬೆನ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ಈಗ ನಮ್ಮ ಸಂಘಗಳ ಪುಸ್ತಕ ತೆರೆದು ನೋಡೋಣ. ಸಾಲ ಯಾವುದಕ್ಕೆ ಹೋಗಿದೆ? ಮದುವೆಗೆ, ಆಸ್ಪತ್ರೆಗೆ, ಮನೆ ರಿಪೇರಿಗೆ. ಇವೆಲ್ಲ ಬೇಕಾದ ಖರ್ಚುಗಳೇ, ತಪ್ಪೆನ್ನುವುದಿಲ್ಲ. ಆದರೆ ದುಡಿಮೆಗೆಂದು ತೆಗೆದ ಸಾಲ ಎಷ್ಟು? ವಾರ ವಾರ ತಪ್ಪದೆ ಉಳಿತಾಯ ಮಾಡುವ ನಾವು ಆ ಹಣದಿಂದ ಏನಾಗಬೇಕು ಎಂದು ಕನಸು ಕಾಣಲು ಮಾತ್ರ ಯಾಕೆ ಹೆದರುತ್ತೇವೆ? ನಿಮ್ಮಲ್ಲಿ ಆ ಹೆದರಿಕೆ ಹುಟ್ಟಿಸಿದ್ದರಲ್ಲಿ ನಮ್ಮಂಥವರ ಪಾಲೂ ಇದೆ.

ಆದ್ದರಿಂದ ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ಹೇಳಲು ನಾಚಿಕೆಯಾಗುವಷ್ಟು ದೊಡ್ಡ ಗುರಿಯೊಂದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಅದರ ಕೆಳಗೆ ಮೊದಲು ಎದುರಾಗುವ ಅಡ್ಡಿಯನ್ನು ಬರೆಯಿರಿ. ಆ ಅಡ್ಡಿಗೆ ಯಾರು, ಯಾವ ತಾರೀಕಿನೊಳಗೆ, ಎಷ್ಟು ಖರ್ಚಿನಲ್ಲಿ ಉಪಾಯ ಮಾಡಿ ನೋಡುತ್ತಾರೆ ಎಂದೂ ಬರೆಯಿರಿ. ಮೊದಲು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿ, ಸೋತರೆ ತಡೆದುಕೊಳ್ಳುವಷ್ಟೇ ಹಣ ಹಾಕಿ. ತಿನ್ನುವ ಪದಾರ್ಥ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲು ಮರೆಯಬೇಡಿ.

ಮೊನ್ನೆ ಆ ಸಂಘದ ಸಭೆಗೆ ನಾವಾಗಿಯೇ ಹೋಗಿ, "ಅಂದು ನಾವು ಹೇಳಿದ್ದು ಸರಿಯಲ್ಲ" ಎಂದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ ಸದಸ್ಯೆಯೊಬ್ಬರು, "ಈಗ ಮಂಡಿ ನೋವು ಸಿಸ್ಟರ್, ಕೂತು ಲಟ್ಟಿಸಲಿಕ್ಕೆ ಆಗೋದಿಲ್ಲ. ಆದ್ರೆ ಸೊಸೆಗೆ ಹೇಳಿ ನೋಡ್ತೇನೆ" ಎಂದರು. ನಮ್ಮ ಒಂದು ಮಾತಿನಿಂದ ಅವರಿಗೆ ಅಷ್ಟು ವರ್ಷ ನಷ್ಟವಾಯಿತು. ನೀವು ಯಾರ ಮಾತಿಗೂ, ನಮ್ಮ ಮಾತಿಗೂ, ಅಷ್ಟು ಬೇಗ ತಲೆಯಾಡಿಸಬೇಡಿ. "ಮಳೆಗಾಲಕ್ಕೂ ಒಂದು ಉಪಾಯ ಇದೆ ಸಿಸ್ಟರ್, ಕೂತು ಕೇಳಿ" ಎನ್ನಿರಿ. ನಾವು ಕೇಳುತ್ತೇವೆ.