ಹಿಡಿದ ಕೆಲಸ, ಹಗುರಾದ ಮನಸ್ಸು

ಕಬ್ಬಿನ ಹಂಗಾಮಿನಲ್ಲಿ ಮೂಡಲಗಿ ಕಡೆ ಹೋದರೆ ಬೆಲ್ಲದ ಗಾಣದ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು ಕುದಿ ಹತ್ತಿತೆಂದರೆ, ಒಲೆಗೆ ಸಿಪ್ಪೆ ಒಟ್ಟುವವರಾಗಲಿ, ಮೇಲೆ ಬಂದ ಕೊಳೆ ತೆಗೆಯುವವರಾಗಲಿ, ‘ಉಳಿದದ್ದು ನಾಳೆ ನೋಡೋಣ’ ಅನ್ನುವಂತಿಲ್ಲ. ಚೂರು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾರೆ. ಹದ ಬಂದ ಗಳಿಗೆಯಲ್ಲೇ ಇಳಿಸಬೇಕು. ತಡವಾದರೆ ಸೀಯಿತು. ಅಚ್ಚಿಗೆ ಸುರಿದು ಚಹಾಕ್ಕೆ ಕೂತವರ ಮೈಗೆ ದಣಿವಿರುತ್ತದೆ, ತಲೆಯಲ್ಲಿ ಆ ಕೆಲಸ ಇರುವುದಿಲ್ಲ.

ನಮ್ಮ ಉಳಿದ ಕೆಲಸಗಳು ಹೀಗೆ ಸೀಯುವುದಿಲ್ಲ, ಅದೇ ತೊಂದರೆ. ಅರ್ಧ ತುಂಬಿದ ಪಿಂಚಣಿ ಅರ್ಜಿ, ಮೂರು ಪಾಠಕ್ಕೆ ನಿಂತ ಓದು ದೀಪ ಆರಿಸಿದ ಮೇಲೆ ನೆನಪಾಗುತ್ತವೆ.

ಈ ಕಾಟವನ್ನು ಬರ್ಲಿನ್‌ನಲ್ಲಿ ಇಬ್ಬರು ಹೆಣ್ಣುಮಕ್ಕಳು ಅಧ್ಯಯನ ಮಾಡಿದರು. ಮುಗಿದ ಕೆಲಸಕ್ಕಿಂತ ನಡುವೆ ತಡೆದ ಕೆಲಸವೇ ಹೆಚ್ಚು ನೆನಪಿರುತ್ತದೆ ಎಂದು 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಬರೆದರು. ಮುಂದಿನ ಕೆಲವು ಪ್ರಯೋಗಗಳು ಇದನ್ನು ಒಪ್ಪಲಿಲ್ಲ. ಮರುವರ್ಷ ಮರಿಯಾ ಓವ್ಸಿಯಾಂಕಿನಾ ಕಂಡದ್ದು ಹೆಚ್ಚು ಗಟ್ಟಿ: ನಡುವೆ ತಡೆದ ಕೆಲಸಕ್ಕೆ ಜನ ಯಾರೂ ಹೇಳದಿದ್ದರೂ ತಾವಾಗಿಯೇ ಮರಳುತ್ತಾರೆ.

ಹಾಗಾದರೆ ಎಲ್ಲ ಮುಗಿಸಿಯೇ ಮಲಗಬೇಕೇ? ಬೇಕಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಯುವಜನರು ಮಲಗುವ ಮುನ್ನ ಐದು ನಿಮಿಷ ಬರೆದರು. ಮುಗಿಸಿದ್ದನ್ನು ಬರೆದವರಿಗಿಂತ, ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಮೊದಲೇ ನಿದ್ದೆ ಹತ್ತಿತು. ನನಗೆ ಇದರಲ್ಲಿ ಕಾಣುವುದಿಷ್ಟು: ಕೆಲಸಕ್ಕೆ ಒಂದು ಕೊನೆ ಗೊತ್ತಾದರೆ ಮನಸ್ಸಿಗೆ ಅರ್ಧ ಸಮಾಧಾನ.

ದೊಡ್ಡ ಕೆಲಸಕ್ಕೂ ಹಂತಹಂತವಾಗಿ ಕೊನೆ ಕಾಣಿಸಬಹುದು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದ್ದು ಬ್ರಿಟಿಷರ ಕಾಲದಲ್ಲಿ, 1897ರಲ್ಲಿ. ಅದೇ ನದಿಗೆ ಕಟ್ಟಿದ, ಹುಕ್ಕೇರಿ ತಾಲ್ಲೂಕಿನ 51 ಟಿಎಂಸಿಯ ಹಿಡಕಲ್ ಜಲಾಶಯ ಪೂರ್ಣಗೊಂಡದ್ದು 1970ರ ದಶಕದಲ್ಲಿ. ಹಿಡಕಲ್ ಆಗಲಿ ಎಂದು ಧೂಪದಾಳದ ಕಾಲುವೆ ಕಾಯುತ್ತ ಕೂರಲಿಲ್ಲ. ಒಡ್ಡಿನ ನೀರು ಹೊಲಕ್ಕೆ ಹರಿಯುತ್ತಲೇ ಇತ್ತು. ನಮ್ಮ ಕೆಲಸವನ್ನೂ ಹಾಗೆ ತುಂಡು ಮಾಡಿಕೊಳ್ಳಬೇಕು, ಪ್ರತಿ ತುಂಡಿಗೂ ಅದರದೇ ಫಲ ಇರುವಂತೆ. ಕೈಯಾರೆ ಮಾಡಿ ಗೆದ್ದ ಅನುಭವವೇ ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯ ದೊಡ್ಡ ಮೂಲ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದರು. ಗೆಲುವು ಚಿಕ್ಕದಿದ್ದರೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಕೆಲವು ಕೆಲಸ ಬಿಡುವುದೇ ಸರಿ. ಆದರೆ ಬಿಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು. ಕಣ್ಣು ಮಂಜಾಗಿ ಕೌದಿ ಹೊಲಿಯುವುದು ಆಗದಿದ್ದರೆ, ಟ್ರಂಕಿನಲ್ಲಿ ಮಡಿಚಿಟ್ಟು ಪ್ರತಿ ಯುಗಾದಿಗೆ ಕೊರಗುವ ಬದಲು, ಓಣಿಯಲ್ಲಿ ಚೆನ್ನಾಗಿ ಹೊಲಿಯುವವರನ್ನು ಕರೆದು ಬಟ್ಟೆ, ದಾರ, ಸೂಜಿ ಸಮೇತ ಕೊಟ್ಟುಬಿಡಿ.