ಖಡ್ಗನೃತ್ಯದಲ್ಲಿ ಅವಧಾನ

ಚೀನಾದ ಶಾಸ್ತ್ರೀಯ ಖಡ್ಗನೃತ್ಯವು ಯುದ್ಧವಿದ್ಯೆಯ ನೆಲೆಯಲ್ಲಿ ಹುಟ್ಟಿ, ಆಸ್ಥಾನ ಮತ್ತು ರಂಗಭೂಮಿಗಳಲ್ಲಿ ಬೆಳೆದು, ಕಾಲಕ್ರಮದಲ್ಲಿ ದೇಹದ ಮೂಲಕ ಮನಸ್ಸನ್ನು ಹದಗೊಳಿಸುವ ಸಾಧನೆಯಾಗಿಯೂ ರೂಪುಗೊಂಡ ಕಲೆ. ಇದರಲ್ಲಿ ಬಳಸುವ ‘ಜಿಯೆನ್’ ಎಂಬುದು ನೇರವಾದ ಇಬ್ಬಾಯಿ ಖಡ್ಗ. ಇದನ್ನು ತೋಳಿನ ಬಲಕ್ಕಿಂತ ಮಣಿಕಟ್ಟಿನ ನಯದಿಂದ ನಡೆಸಬೇಕಾಗುವುದರಿಂದ, ಕಲಾವಿದರ ಗಮನ ಕ್ಷಣಕಾಲ ಚದುರಿದರೂ ಅದು ಖಡ್ಗದ ಮೊನೆಯಲ್ಲಿ ಕಂಡುಬಿಡುತ್ತದೆ.

ತಾಂಗ್ ರಾಜವಂಶದ ಕಾಲದಲ್ಲಿ ಈ ಕಲೆಗೆ ಅಪಾರ ಮನ್ನಣೆಯಿತ್ತು. ಬಾಲ್ಯದಲ್ಲಿ ಗೊಂಗ್‌ಸುನ್ ಎಂಬ ಪ್ರಸಿದ್ಧ ನರ್ತಕಿಯ ಪ್ರದರ್ಶನವನ್ನು ಕಂಡಿದ್ದ ಕವಿ ದು ಫು, ಸುಮಾರು ಅರ್ಧ ಶತಮಾನದ ಬಳಿಕ, 767ರಲ್ಲಿ, ಆಕೆಯ ಶಿಷ್ಯೆಯ ನೃತ್ಯವನ್ನು ನೋಡಿ ಗುರುವನ್ನು ನೆನೆದು ಕವಿತೆ ರಚಿಸಿದನು. ಗೊಂಗ್‌ಸುನ್‌ಳ ನೃತ್ಯವನ್ನು ನೋಡಿದ ಮೇಲೆ ಝಾಂಗ್ ಶು ಎಂಬ ಲಿಪಿಕಾರನ ಓಟದ ಲಿಪಿ, ಅಂದರೆ ಕುಂಚವನ್ನು ಆದಷ್ಟು ಎತ್ತದೆ ಓಡಿಸುವ ಬರವಣಿಗೆ, ಹೊಸ ಕಸುವು ಪಡೆಯಿತೆಂದು ಆ ಕವಿತೆಯ ಪೀಠಿಕೆ ಹೇಳುತ್ತದೆ.

ಖಡ್ಗ ಹಿಡಿಯದ ಕೈಗೂ ಇಲ್ಲಿ ವಿರಾಮವಿಲ್ಲ. ತೋರುಬೆರಳು ಮತ್ತು ನಡುಬೆರಳುಗಳನ್ನು ಜೋಡಿಸಿ ನೀಳವಾಗಿ ಚಾಚಿ, ಉಳಿದೆರಡನ್ನು ಮಡಚಿ, ಅವುಗಳ ಮೇಲೆ ಹೆಬ್ಬೆರಳನ್ನಿಟ್ಟು ಮಾಡುವ ‘ಖಡ್ಗಮುದ್ರೆ’ಯು ಇಡೀ ದೇಹದ ಸಮತೋಲವನ್ನು ಕಾಯುತ್ತದೆ. ಪಾದದಿಂದ ಹೊರಟ ಚಲನೆಯು ಸೊಂಟದ ತಿರುವಿನ ಮೂಲಕ ಭುಜ, ಮೊಣಕೈ, ಮಣಿಕಟ್ಟುಗಳನ್ನು ದಾಟಿ ಮೊನೆಯನ್ನು ಸೇರುತ್ತದೆ. ಉಸಿರು ಮತ್ತು ದೃಷ್ಟಿ ಅದರೊಡನೆ ಸಾಗುತ್ತವೆ. ಹಿಡಿಯ ತುದಿಗೆ ಕಟ್ಟಿದ ಉದ್ದನೆಯ ಕುಚ್ಚು ಈ ಹೊಂದಾಣಿಕೆಯನ್ನು ಪರೀಕ್ಷಿಸುತ್ತದೆ: ಮಣಿಕಟ್ಟು ಅವಸರಪಟ್ಟರೆ ಕುಚ್ಚು ತೋಳಿಗೋ ಅಲಗಿಗೋ ಸುತ್ತಿಕೊಳ್ಳುತ್ತದೆ, ಲಯ ಕೂಡಿಬಂದರೆ ಖಡ್ಗದ ಹಿಂದೆಯೇ ಸಲೀಸಾಗಿ ಹರಿಯುತ್ತದೆ.

ರಂಗದ ಮೇಲೆ ಈ ಅವಧಾನವೇ ಭಾವಾಭಿನಯವೂ ಆಗುತ್ತದೆ. ಸ್ತ್ರೀಪಾತ್ರಗಳಿಗೆ ವಿಶ್ವವಿಖ್ಯಾತನಾದ ನಟ ಮೇ ಲಾನ್‌ಫಾಂಗ್ 1922ರಲ್ಲಿ ಬೀಜಿಂಗ್ ಒಪೆರಾದಲ್ಲಿ ಪ್ರದರ್ಶಿಸಿದ, ಅರಸ ಶಿಯಾಂಗ್ ಯು ಮತ್ತು ಅವನ ಪ್ರಿಯೆ ಯುವಿನ ಅಗಲಿಕೆಯ ನಾಟಕದಲ್ಲಿ, ಶತ್ರುಸೇನೆ ಮುತ್ತಿರುವಾಗ ಯು ತನ್ನ ದುಃಖವನ್ನು ಅದುಮಿಟ್ಟು, ಸೋತ ಅರಸನನ್ನು ಸಂತೈಸಲು ಖಡ್ಗ ಹಿಡಿದು ನರ್ತಿಸುತ್ತಾಳೆ. ಅವಳ ಒಳಗಿನ ತಳಮಳವನ್ನು ತಡೆದು ನಿಲ್ಲಿಸುವುದು ಹೆಜ್ಜೆಯ ಸ್ತಿಮಿತವೇ. ಪ್ರೇಕ್ಷಕರಿಗೆ ಅವಳ ನೋವು ತಿಳಿಯುವುದೂ ಅದರಿಂದಲೇ.

ಇದೇ ಖಡ್ಗವಿದ್ಯೆಯ ಮತ್ತೊಂದು ಕವಲಾದ ತಾಯಿ ಚಿ ಎಂಬ ನಿಧಾನಗತಿಯ ಸಮರಕಲೆಯ ಖಡ್ಗಾಭ್ಯಾಸವನ್ನು ಜನಸಾಮಾನ್ಯರೂ ಕಲಿಯುವಂತೆ 1957ರಲ್ಲಿ ಅದರ ಯಾಂಗ್ ಸಂಪ್ರದಾಯದ ಆಧಾರದ ಮೇಲೆ 32 ವರಸೆಗಳಾಗಿ ಸರಳಗೊಳಿಸಲಾಯಿತು. ಇಂದು ಚೀನಾದ ಉದ್ಯಾನಗಳಲ್ಲಿ ಹಿರಿಯರು ಮೊಂಡು ಖಡ್ಗ ಹಿಡಿದು, ಆತುರವಿಲ್ಲದೆ, ಒಂದು ವರಸೆ ಮುಗಿಯುವಲ್ಲಿಯೇ ಮುಂದಿನದನ್ನು ಆರಂಭಿಸುತ್ತ ಇದನ್ನು ಅಭ್ಯಸಿಸುತ್ತಾರೆ. ಎದುರಾಳಿಯೇ ಇಲ್ಲದ ಈ ಅಭ್ಯಾಸದಲ್ಲಿ ಗೆಲ್ಲಬೇಕಾದುದು ಅನ್ಯಮನಸ್ಕತೆಯನ್ನು ಮಾತ್ರ. ಕೊಲ್ಲಲೆಂದು ರೂಪುಗೊಂಡ ಆಯುಧವೊಂದನ್ನು ಎಚ್ಚರದ ಸಾಧನವನ್ನಾಗಿ ಮಾರ್ಪಡಿಸಿದುದು ಚೀನೀ ಸಂಸ್ಕೃತಿಯ ದೊಡ್ಡ ಸಾಧನೆಗಳಲ್ಲಿ ಒಂದೆಂದು ನಿಸ್ಸಂಶಯವಾಗಿ ಹೇಳಬಹುದು.